ನದಿಗೊಂದು ಹೆಸರು: 'ತಿತಾಸ್' ಚಿತ್ರದಲ್ಲಿ ಬೆಸ್ತರು ಮತ್ತು ನಿಸರ್ಗ

ಕಾವ್ಯಮೀಮಾಂಸೆಯ ತರಗತಿಯಲ್ಲಿ ರಸಸೂತ್ರವನ್ನು ಓದುವಾಗ ವಿಭಾವವು ಎರಡು ಬಗೆಯೆಂದು ಕಲಿಯುತ್ತೇವೆ. ಯಾರನ್ನು ಆಶ್ರಯಿಸಿ ಭಾವವು ಹುಟ್ಟುತ್ತದೆಯೋ ಅವರು ಆಲಂಬನ ವಿಭಾವ. ಹುಟ್ಟಿದ ಭಾವವನ್ನು ಬೆಳಗಿಸುವ ಸನ್ನಿವೇಶವು ಉದ್ದೀಪನ ವಿಭಾವ. ದುಷ್ಯಂತನಿಗೆ ಶಕುಂತಲೆ ಆಲಂಬನ. ಮಾಲಿನೀ ನದಿಯ ತೀರ, ಬಳ್ಳಿಮನೆ, ತಂಗಾಳಿಗಳು ಉದ್ದೀಪನ. ನದಿ ಅಲ್ಲಿ ಇದೆ, ಆದರೆ ಪ್ರೇಮಿಗಳಿಗಾಗಿ ಇದೆ. ಅದೇ ನಾಟಕದ ಆರನೆಯ ಅಂಕದ ಆರಂಭದಲ್ಲಿ ಬೆಸ್ತನೊಬ್ಬನೂ ಬರುತ್ತಾನೆ. ರಾಜಮುದ್ರೆಯ ಉಂಗುರವನ್ನು ಕದ್ದನೆಂಬ ಅನುಮಾನದಿಂದ ಕಾವಲುಗಾರರು ಅವನ ಕೈಗಳನ್ನು ಹಿಂದಕ್ಕೆ ಕಟ್ಟಿ ಎಳೆತಂದಿರುತ್ತಾರೆ. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿತೆಂಬ ಅವನ ಮಾತು ನಿಜವಾಗುತ್ತದೆ, ಬಹುಮಾನ ದೊರೆಯುತ್ತದೆ, ಅವನು ಹೊರಟುಹೋಗುತ್ತಾನೆ. ಅವನಿಗೂ ಅವನು ಬಲೆ ಬೀಸುವ ನೀರಿಗೂ ಏನು ಸಂಬಂಧವೆಂದು ನಾಟಕ ಕೇಳುವುದಿಲ್ಲ; ಕೇಳಬೇಕಾದ ಅಗತ್ಯವೂ ಅದಕ್ಕಿರಲಿಲ್ಲ.

ಆ ಪ್ರಶ್ನೆಯನ್ನೇ ಕೇಳಿದ ಕೃತಿಯೊಂದನ್ನು ಇಲ್ಲಿ ಪರಿಚಯಿಸಲಾಗಿದೆ. ಅದು ಬಂಗಾಳಿಯ 'ತಿತಾಸ್ ಏಕ್‌ಟಿ ನದೀರ್ ನಾಮ್', ಎಂದರೆ 'ತಿತಾಸ್ ಎಂಬುದು ಒಂದು ನದಿಯ ಹೆಸರು'. ಋತ್ವಿಕ್ ಘಟಕ್ ನಿರ್ದೇಶಿಸಿದ ಈ ಕಪ್ಪುಬಿಳುಪು ಚಿತ್ರ 1973ರಲ್ಲಿ ಬಾಂಗ್ಲಾದೇಶದಲ್ಲಿ ತೆರೆಕಂಡಿತು. ಎರಡೂವರೆ ಗಂಟೆಗೂ ಮೀರಿದ ಈ ಕಲಾಚಿತ್ರದ ವಸ್ತು ಮಾಲೊ ಎಂಬ ಬೆಸ್ತರ ಸಮುದಾಯ ಮತ್ತು ಅವರು ಬದುಕಿದ ನದಿ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ನದಿಯು ಉದ್ದೀಪನದ ಸ್ಥಾನವನ್ನು ಬಿಟ್ಟು ಆಲಂಬನದ ಸ್ಥಾನಕ್ಕೆ ಬರುತ್ತದೆ. ಪಾತ್ರಗಳ ದುಃಖಕ್ಕೆ ನದಿಯು ಹಿನ್ನೆಲೆಯಾಗುವ ಬದಲು ನದಿಯನ್ನು ಕುರಿತೇ ದುಃಖ ಹುಟ್ಟುತ್ತದೆ. ಈ ಒಂದು ಸ್ಥಾನಪಲ್ಲಟದಿಂದ ಚಿತ್ರದ ಕಥೆ, ದೃಶ್ಯ, ಧ್ವನಿ ಎಲ್ಲವೂ ಹೇಗೆ ಬದಲಾಗುತ್ತವೆ ಎಂಬುದನ್ನು ನೋಡೋಣ.

ಕಾದಂಬರಿಕಾರ ಮತ್ತು ನಿರ್ದೇಶಕ

ಚಿತ್ರಕ್ಕೆ ಆಧಾರ ಅದ್ವೈತ ಮಲ್ಲಬರ್ಮನ್ ಬರೆದ ಅದೇ ಹೆಸರಿನ ಕಾದಂಬರಿ. ಅದ್ವೈತರು 1914ರಲ್ಲಿ ಬ್ರಾಹ್ಮಣಬಾರಿಯಾದ ಬಳಿಯ ಗೋಕರ್ಣಘಾಟ್ ಎಂಬ ಊರಿನಲ್ಲಿ, ಮಾಲೊ ಕುಟುಂಬದಲ್ಲಿಯೇ ಹುಟ್ಟಿದವರು. ತಿತಾಸ್ ಅವರ ಮನೆಯ ಮುಂದಿನ ನದಿ. ಅದು ಮೇಘನಾ ನದಿಯಿಂದ ಕವಲೊಡೆದು ಮತ್ತೆ ಮೇಘನೆಯನ್ನೇ ಸೇರುತ್ತದೆ. ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ ಹುಡುಗನ ಓದಿಗೆ ಕೇರಿಯ ಬೆಸ್ತರು ಹಣ ಕೂಡಿಸಿಕೊಟ್ಟರು. ಅವರು ಕೊಲ್ಕತ್ತಕ್ಕೆ ಹೋಗಿ ಪತ್ರಿಕಾ ಕೆಲಸ ಮಾಡಿದರು. 1951ರಲ್ಲಿ, ನಲವತ್ತು ತುಂಬುವ ಮೊದಲೇ, ಕ್ಷಯರೋಗದಿಂದ ತೀರಿಕೊಂಡರು. ಕಾದಂಬರಿ ಪುಸ್ತಕರೂಪದಲ್ಲಿ ಹೊರಬಂದದ್ದು 1956ರಲ್ಲಿ. ಅದನ್ನು ಕಾಣಲು ಅವರು ಇರಲಿಲ್ಲ. ಹೊರಗಿನಿಂದ ಬಂದು ಬೆಸ್ತರನ್ನು ನೋಡಿ ಬರೆದ ಕೃತಿ ಇದಲ್ಲ. ಒಂದು ಕೇರಿ ತನ್ನ ಮಗನ ಕೈಯಿಂದ ಬರೆಯಿಸಿಕೊಂಡ ಕೃತಿ ಇದು.

ಋತ್ವಿಕ್ ಘಟಕ್ ಹುಟ್ಟಿದ್ದು 1925ರಲ್ಲಿ, ಢಾಕಾದಲ್ಲಿ. 1947ರ ದೇಶವಿಭಜನೆಯಲ್ಲಿ ಅವರ ಪೂರ್ವಬಂಗಾಳವು ಗಡಿಯ ಆಚೆಗೆ ಉಳಿಯಿತು. ಮನೆ ಕಳೆದುಕೊಂಡು ಬಂದವರ ಬದುಕನ್ನೇ ಅವರು 'ಮೇಘೆ ಢಾಕಾ ತಾರಾ' (1960), 'ಕೋಮಲ್ ಗಾಂಧಾರ್', 'ಸುವರ್ಣರೇಖಾ' ಚಿತ್ರಗಳಲ್ಲಿ ತೋರಿಸಿದರು. ಕೆಲಕಾಲ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಪಾಠ ಹೇಳಿದರು. 1971ರಲ್ಲಿ ಬಾಂಗ್ಲಾದೇಶ ಸ್ವತಂತ್ರವಾದ ಮೇಲೆ ಅಲ್ಲಿನ ನಿರ್ಮಾಪಕರೊಬ್ಬರ ಕರೆಯಂತೆ ಈ ಚಿತ್ರಕ್ಕಾಗಿ ಹುಟ್ಟೂರಿನ ಸೀಮೆಗೆ ಮರಳಿದರು. ಚಿತ್ರೀಕರಣದ ಕಾಲದಲ್ಲಿ ಅವರಿಗೂ ಕ್ಷಯ ಕಾಣಿಸಿಕೊಂಡಿತು. ಬೇಬಿ ಇಸ್ಲಾಮರ ಛಾಯಾಗ್ರಹಣ, ಉಸ್ತಾದ್ ಬಹಾದೂರ್ ಖಾನರ ಸಂಗೀತ ಈ ಚಿತ್ರಕ್ಕಿವೆ. ಘಟಕ್ ತಾವೇ ಒಂದು ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡಿದ್ದಾರೆ. ಕಾಲಾಂತರದಲ್ಲಿ ಮಾಸುತ್ತಿದ್ದ ಚಿತ್ರದ ಪ್ರತಿಯನ್ನು ವಿಶ್ವ ಸಿನಿಮಾ ಪ್ರತಿಷ್ಠಾನದ ನೆರವಿನಿಂದ ಇಟಲಿಯ ಬೊಲೋನ್ಯದಲ್ಲಿ ಸರಿಪಡಿಸಲಾಯಿತು. 2010ರಿಂದ ಆ ಹೊಸ ಪ್ರತಿ ನೋಡಲು ದೊರೆಯುತ್ತಿದೆ.

ಕಥೆಯ ಎಳೆ

ಬಾಲ್ಯದಿಂದಲೂ ಬಸಂತಿಯ ಮನಸ್ಸು ಕಿಶೋರನಲ್ಲಿದೆ. ಕಿಶೋರನು ಗೆಳೆಯ ಸುಬಲನೊಂದಿಗೆ ಮೀನು ಹಿಡಿಯಲು ದೂರದ ಊರಿಗೆ ದೋಣಿಯಲ್ಲಿ ಹೋಗುತ್ತಾನೆ. ಅಲ್ಲಿ ವಸಂತದ ಬಣ್ಣದ ಹಬ್ಬದ ದಿನ ಗಲಭೆಯಾದಾಗ ಒಬ್ಬ ಹುಡುಗಿಯನ್ನು ಕಾಪಾಡುತ್ತಾನೆ. ಅವಳೊಡನೆಯೇ ಅವನ ಮದುವೆಯಾಗುತ್ತದೆ. ಊರಿಗೆ ಮರಳುವ ಹಾದಿಯಲ್ಲಿ ರಾತ್ರಿ ನದಿಗಳ್ಳರು ದೋಣಿಗೆ ನುಗ್ಗಿ ಮದುಮಗಳನ್ನು ಎತ್ತಿಕೊಂಡು ಹೋಗುತ್ತಾರೆ. ಅವಳು ನೀರಿಗೆ ಹಾರಿ ಬೇರೊಂದು ದಡ ಸೇರುತ್ತಾಳೆ. ಹೆಂಡತಿ ಸತ್ತಳೆಂದು ತಿಳಿದ ಕಿಶೋರನಿಗೆ ಹುಚ್ಚು ಹಿಡಿಯುತ್ತದೆ. ಬಸಂತಿಯನ್ನು ಸುಬಲ ಮದುವೆಯಾಗುತ್ತಾನೆ. ಆದರೆ ಅವನು ಬೇಗನೆ ಸಾಯುತ್ತಾನೆ.

ವರ್ಷಗಳು ಕಳೆದ ಮೇಲೆ ಕಿಶೋರನ ಹೆಂಡತಿ ತನ್ನ ಮಗ ಅನಂತನ ಕೈಹಿಡಿದು ಗಂಡನ ಊರನ್ನು ಹುಡುಕಿಕೊಂಡು ಬರುತ್ತಾಳೆ. ಅವಳಿಗೆ ಗಂಡನ ಹೆಸರು ತಿಳಿಯದು, ಮುಖದ ನೆನಪು ಮಸುಕು. ತಿಳಿದಿರುವುದು ಊರಿನ ಹೆಸರು, ನದಿಯ ಹೆಸರು ಮಾತ್ರ. ಅವಳನ್ನು ಆದರಿಸುವವಳು ವಿಧವೆ ಬಸಂತಿ. ಮತ್ತೆ ಬಣ್ಣದ ಹಬ್ಬ ಬರುತ್ತದೆ. ಹುಚ್ಚನಿಗೆ ಅವಳು ಬಣ್ಣ ಹಚ್ಚುತ್ತಾಳೆ. ಅವನಿಗೆ ಒಮ್ಮೆಗೆ ಹಳೆಯದೆಲ್ಲ ನೆನಪಾಗಿ ಅವಳನ್ನು ಎತ್ತಿಕೊಳ್ಳುತ್ತಾನೆ. ಹೆಣ್ಣಿನ ಮೇಲೆ ಕೈಮಾಡಿದನೆಂದು ಭಾವಿಸಿ ಜನ ಅವನನ್ನು ಬಡಿಯುತ್ತಾರೆ. ಗಂಡಹೆಂಡಿರಿಬ್ಬರೂ ಉಳಿಯುವುದಿಲ್ಲ. ಅನಂತನನ್ನು ಸಾಕಲು ಬಸಂತಿ ಹೆಣಗುತ್ತಾಳೆ. ಹುಡುಗ ಕೊನೆಗೆ ಅವಳನ್ನೂ ಬಿಟ್ಟು ಹೋಗುತ್ತಾನೆ. ಅತ್ತ ನದಿಯ ನಡುವೆ ಮರಳಿನ ದಿಬ್ಬ ಮೇಲೇಳುತ್ತದೆ. ನೀರು ಬತ್ತುತ್ತದೆ, ಕೇರಿ ಚದುರುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಿಶೋರನ ಹೆಂಡತಿಯನ್ನು ಚಿತ್ರದಲ್ಲಿ 'ರಾಜಾರ್ ಝೀ', ಎಂದರೆ ರಾಜನ ಮಗಳು, ಎಂದು ಕರೆಯುತ್ತಾರೆ. ಅದು ಅವಳ ಹೆಸರಲ್ಲ, ಕರೆಯುವ ಒಂದು ಮಾತು. ಉಳಿದವರಿಗೆ ಅವಳು ಅನಂತನ ತಾಯಿ. ಗಂಡನ ಹೆಸರನ್ನೂ ಹೇಳಲಾಗದ, ತನ್ನ ಹೆಸರೂ ಇಲ್ಲದ ಹೆಣ್ಣಿಗೆ ಗುರುತಾಗಿ ಉಳಿದದ್ದು ತಿತಾಸ್ ಎಂಬ ನದಿಯ ಹೆಸರು. ಕೃತಿಯ ಶೀರ್ಷಿಕೆಯು ಒಂದು ಭೂಗೋಳದ ವಾಕ್ಯದಂತೆ ಸರಳವಾಗಿದ್ದರೂ ಅದರ ಭಾರ ಎಷ್ಟೆಂಬುದು ಇಲ್ಲಿ ತಿಳಿಯುತ್ತದೆ.

ನೀರನ್ನು ಕಂಡ ಬಗೆಗಳು

ಬೆಸ್ತರನ್ನು ಕುರಿತ ಬೇರೆ ಕೆಲವು ಪ್ರಸಿದ್ಧ ಚಿತ್ರಗಳೊಡನೆ ಹೋಲಿಸಿದರೆ 'ತಿತಾಸ್'ನ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ರಾಬರ್ಟ್ ಫ್ಲಾಹರ್ಟಿಯ 'ಮ್ಯಾನ್ ಆಫ್ ಅರಾನ್' (1934) ಐರ್ಲೆಂಡಿನ ಪಶ್ಚಿಮದ ದ್ವೀಪಗಳ ಜನರನ್ನು ತೋರಿಸುತ್ತದೆ. ಅಲ್ಲಿ ಕಡಲು ಎದುರಾಳಿ, ಮನುಷ್ಯ ವೀರ. ಆ ವೀರವನ್ನು ತೋರಿಸುವುದಕ್ಕಾಗಿ, ದ್ವೀಪದವರು ಎಂದೋ ಕೈಬಿಟ್ಟಿದ್ದ ದೊಡ್ಡ ಶಾರ್ಕ್ ಬೇಟೆಯನ್ನು ನಿರ್ದೇಶಕರು ಅವರಿಂದ ಮತ್ತೆ ಮಾಡಿಸಿದರು. ಲುಕಿನೊ ವಿಸ್ಕೊಂಟಿಯ 'ಲಾ ತೆರ್ರಾ ತ್ರೇಮಾ' (1948) ಸಿಸಿಲಿಯ ಆಚಿ ತ್ರೆಜ್ಜಾ ಎಂಬ ಊರಿನ ಬೆಸ್ತರಿಂದಲೇ, ಅವರ ಆಡುನುಡಿಯಲ್ಲೇ, ಅಭಿನಯಿಸಿದ ಚಿತ್ರ. ಅಲ್ಲಿ ಕಡಲಿಗಿಂತ ದಡದ ಸಗಟು ವ್ಯಾಪಾರಿ ಹೆಚ್ಚು ಕ್ರೂರಿ.

ಮೂರನೆಯದು ನಮಗೆ ತೀರ ಸಮೀಪದ್ದು. ತಕಳಿಯವರ ಕಾದಂಬರಿಯನ್ನು ಆಧರಿಸಿ ರಾಮು ಕಾರಿಯಾಟ್ ನಿರ್ದೇಶಿಸಿದ 'ಚೆಮ್ಮೀನ್' (1965) ಚಿತ್ರವನ್ನು ಕಾಸರಗೋಡಿನ ನಮ್ಮಲ್ಲಿ ನೋಡದವರು ವಿರಳ. ಅದರಲ್ಲಿ ಕಡಲಮ್ಮ ತಾಯಿಯೂ ಹೌದು, ನ್ಯಾಯಾಧೀಶೆಯೂ ಹೌದು. ದಡದಲ್ಲಿರುವ ಹೆಂಡತಿಯ ಶೀಲವೇ ಕಡಲಿಗೆ ಇಳಿದ ಗಂಡನಿಗೆ ಕಾವಲು ಎಂಬ ನಂಬಿಕೆಯ ಮೇಲೆ ಕಥೆ ನಿಂತಿದೆ. ಕರುತ್ತಮ್ಮ ಪರೀಕುಟ್ಟಿಯನ್ನು ಸೇರಿದ ಇರುಳಿನಲ್ಲಿಯೇ ಪಳನಿಯನ್ನು ಕಡಲು ನುಂಗುತ್ತದೆ. ನಿಸರ್ಗವು ಇಲ್ಲಿ ಮನುಷ್ಯನ ನಡತೆಯನ್ನು ನೋಡುತ್ತದೆ, ತೀರ್ಪು ಕೊಡುತ್ತದೆ.

ತಿತಾಸ್ ನದಿ ಎದುರಾಳಿಯಲ್ಲ, ನ್ಯಾಯಾಧೀಶೆಯೂ ಅಲ್ಲ. ಬಸಂತಿ ಯಾವ ತಪ್ಪನ್ನೂ ಮಾಡಿದವಳಲ್ಲ. ನದಿ ಬತ್ತಿದ್ದು ಯಾರ ಪಾಪಕ್ಕೂ ಶಿಕ್ಷೆಯಲ್ಲ. ನದಿಯೂ ಮನುಷ್ಯರಂತೆ ಮುಪ್ಪಾಗುತ್ತದೆ, ದಾರಿ ಬದಲಿಸುತ್ತದೆ, ಸಾಯುತ್ತದೆ. ಕಡಲನ್ನು ಕುರಿತ ಚಿತ್ರಗಳಲ್ಲಿ ಮನುಷ್ಯ ಸಾಯುತ್ತಾನೆ, ಕಡಲು ಉಳಿಯುತ್ತದೆ. ಈ ಚಿತ್ರದಲ್ಲಿ ಮನುಷ್ಯರ ಜೊತೆಗೆ ನೀರೂ ಸಾಯುತ್ತದೆ. ಆದ್ದರಿಂದಲೇ ಅದು ಆಲಂಬನವಾಗಬಲ್ಲದು. ಸಾವಿಲ್ಲದ್ದನ್ನು ಕುರಿತು ಶೋಕ ಹುಟ್ಟದು.

ನೀರು ನೆಲವಾದಾಗ

ನದಿಯ ನಡುವೆ ಹೂಳು ತುಂಬಿ ಏಳುವ ದಿಬ್ಬಕ್ಕೆ ಬಂಗಾಳಿಯಲ್ಲಿ 'ಚರ್' ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಅಳಿವೆಯ ಹತ್ತಿರ ಕಾಣುವ ಕುದ್ರುಗಳನ್ನು ನೆನೆದರೆ ಅದರ ರೂಪ ಮನಸ್ಸಿಗೆ ಬರುತ್ತದೆ. ಚರ್ ಏಳುವುದು ನಿಸರ್ಗದ ಕೆಲಸ. ಬಂಗಾಳದ ನದಿಗಳಲ್ಲಿ ಅದು ಹೊಸದೂ ಅಲ್ಲ. ಆದರೆ ಚರ್ ಎದ್ದ ಮೇಲೆ ನಡೆಯುವುದು ಮನುಷ್ಯರ ಕೆಲಸ. ಈ ಎರಡನ್ನೂ ಬೇರೆ ಬೇರೆಯಾಗಿ ಕಾಣುವುದರಲ್ಲಿ ಕಾದಂಬರಿಕಾರನ, ನಿರ್ದೇಶಕನ ತಿಳಿವಳಿಕೆ ಇದೆ.

ಹರಿಯುವ ನೀರಿಗೆ ಬೇಲಿಯಿಲ್ಲ. ಮಾಲೊಗಳಿಗೆ ಹೊಲಗದ್ದೆಗಳಿರಲಿಲ್ಲ, ದೋಣಿ, ಬಲೆ, ನದಿ ಇವೇ ಅವರ ಆಸ್ತಿ. ನೀರು ಇರುವವರೆಗೆ ಅವರು ಬಡವರಾಗಿದ್ದರೂ ಪರದೇಶಿಗಳಾಗಿರಲಿಲ್ಲ. ಆ ನೀರು ನೆಲವಾದ ದಿನ ಅದಕ್ಕೆ ಒಡೆಯನೊಬ್ಬ ಬೇಕಾಗುತ್ತದೆ. ಒಡೆತನಕ್ಕೆ ಕಾಗದ ಬೇಕು, ಕಾಗದವಿಲ್ಲದಿದ್ದರೆ ದೊಣ್ಣೆ ಬೇಕು. ಎರಡೂ ಬೆಸ್ತರ ಬಳಿ ಇಲ್ಲ. ಸಾಲ ಕೊಟ್ಟವರ, ಜಮೀನುದಾರರ ಬಳಿ ಇವೆ. ಮೊನ್ನೆಯವರೆಗೆ ಯಾವ ಜಾಗದಲ್ಲಿ ಬಲೆ ಬೀಸಿದ್ದರೋ ಆ ಜಾಗದಲ್ಲೇ ಬೆಸ್ತರು ಅತಿಕ್ರಮಿಗಳಾಗುತ್ತಾರೆ. ಮನೆಗಳಿಗೆ ಬೆಂಕಿ ಬೀಳುತ್ತದೆ. ನದಿಯನ್ನು ಕಳೆದುಕೊಂಡದ್ದು ವಿಧಿಯಾದರೆ, ದಡವನ್ನು ಕಳೆದುಕೊಂಡದ್ದು ಅನ್ಯಾಯ.

ಕಾದಂಬರಿಯಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಭಾಷಾಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಮುಖ್ಯವಾಗಿ ಗಮನಿಸಬೇಕು. ಮಾಲೊಗಳಿಗೆ ತಮ್ಮದೇ ಆದ ಹಾಡುಗಳಿದ್ದವು: ದೋಣಿ ನಡೆಸುವಾಗಿನವು, ಹಬ್ಬದವು, ವ್ರತದವು. ಹೊರಗಿನಿಂದ ಬಂದ ಜಾತ್ರಾ ನಾಟಕದ ಥಳುಕಿಗೆ ಮರುಳಾಗಿ ಕೇರಿಯು ಎರಡು ಪಕ್ಷವಾಗುತ್ತದೆ. ಹಳೆಯ ಹಾಡುಗಳು ಹಿಂದೆ ಸರಿಯುತ್ತವೆ. ಒಗ್ಗಟ್ಟು ಮುರಿದ ಮೇಲೆ ನದಿ ಬತ್ತುತ್ತದೆ. ಕಾರಣಕಾರ್ಯಗಳನ್ನು ಹೀಗೆ ಕಟ್ಟಿ ಅದ್ವೈತರು ವಾದ ಹೂಡುವುದಿಲ್ಲ, ಒಂದರ ಬಳಿಕ ಒಂದನ್ನು ಹೇಳುತ್ತಾರೆ ಅಷ್ಟೆ. ಓದುಗನಿಗೆ ಮಾತ್ರ ಮೊದಲು ಬತ್ತಿದ್ದು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ.

ಕಣ್ಣು ಮತ್ತು ಕಿವಿ

ಚಿತ್ರವು ಈ ಸಂಬಂಧವನ್ನು ಮಾತಿನಿಂದ ವಿವರಿಸುವುದು ಕಡಿಮೆ. ನದಿಯ ವಿಶಾಲ ದೃಶ್ಯಗಳಲ್ಲಿ ಮನುಷ್ಯರು, ದೋಣಿಗಳು ಸಣ್ಣವಾಗಿ ಕಾಣುತ್ತವೆ. ಆಕಾಶಕ್ಕೂ ನೀರಿಗೂ ನಡುವೆ ದಡವು ಒಂದು ಗೆರೆಯಷ್ಟೇ. ಒಮ್ಮೆಗೆ ಕ್ಯಾಮರಾ ಮುಖಗಳ ತೀರ ಹತ್ತಿರಕ್ಕೆ ಬರುತ್ತದೆ. ದೂರ ಮತ್ತು ಸಮೀಪಗಳ ಈ ಹಠಾತ್ ಬದಲಾವಣೆಯಿಂದ ಒಂದು ಮನೆಯ ಸಂಕಟಕ್ಕೂ ಇಡೀ ನದಿಯ ಬಾಳಿಗೂ ನಂಟು ಏರ್ಪಡುತ್ತದೆ. ಧ್ವನಿಯ ಬಳಕೆಯೂ ಹಾಗೆಯೇ. ಮದುವೆಯ ರಾತ್ರಿಯ ದೃಶ್ಯದಲ್ಲಿ ಮಾತೂ ಹಿನ್ನೆಲೆ ಸಂಗೀತವೂ ಹಿಂದೆ ಸರಿದು ಉಸಿರಾಟದ ಸದ್ದು ಅಸಹಜವೆನ್ನುವಷ್ಟು ದೊಡ್ಡದಾಗಿ ಕೇಳುತ್ತದೆ. ಭಯ, ಬೆರಗು, ಬಯಕೆ ಎಲ್ಲವೂ ಆ ಉಸಿರಿನಲ್ಲಿವೆ. ತಾಯಿ ಸತ್ತ ಮೇಲೆ ಅನಂತನ ಕಣ್ಣಿಗೆ ಅವಳು ದೇವಿಯ ರೂಪದಲ್ಲಿ ಕಾಣುತ್ತಾಳೆ. ಬೆಸ್ತರ ಬದುಕಿನ ವಾಸ್ತವ ಚಿತ್ರಣದ ನಡುವೆ ಬರುವ ಈ ದರ್ಶನವನ್ನು ಘಟಕ್ ಬೇರ್ಪಡಿಸಿ ತೋರಿಸುವುದಿಲ್ಲ, ಏಕೆಂದರೆ ಆ ಹುಡುಗನ ಪಾಲಿಗೆ ಅದೂ ವಾಸ್ತವವೇ.

ಚಿತ್ರದ ಮೇಲೆ ಆಕ್ಷೇಪಗಳೂ ಇವೆ. ಕಥೆ ತುಂಡುತುಂಡಾಗಿದೆ, ಆಕಸ್ಮಿಕಗಳು ಹೆಚ್ಚು, ಭಾವಾವೇಶ ಮಿತಿಮೀರಿದೆ ಎನ್ನುತ್ತಾರೆ. ಕಥೆಯನ್ನು ಒಬ್ಬ ನಾಯಕನ ಜೀವನವೆಂದು ನೋಡಿದರೆ ಈ ಆಕ್ಷೇಪ ನಿಲ್ಲುತ್ತದೆ. ಕಿಶೋರ, ಸುಬಲ, ರಾಜಾರ್ ಝೀ ಒಬ್ಬೊಬ್ಬರಾಗಿ ಮರೆಯಾಗುತ್ತಾರೆ, ಅನಂತನೂ ದೂರವಾಗುತ್ತಾನೆ. ಯಾರೂ ಕಥೆಯನ್ನು ಕೊನೆಯವರೆಗೆ ಹೊರುವುದಿಲ್ಲ. ನದಿಯನ್ನೇ ಆಲಂಬನವೆಂದು ಹಿಡಿದು ನೋಡಿದಾಗ ತುಂಡುಗಳು ಕೂಡಿಕೊಳ್ಳುತ್ತವೆ. ನಮ್ಮ ಪುರಾಣಕಥನಗಳಲ್ಲಿ, ಬಯಲಾಟಗಳಲ್ಲಿ ಒಂದು ಪ್ರಸಂಗದಿಂದ ಇನ್ನೊಂದಕ್ಕೆ ಹೋಗುವ ರೀತಿಯೂ ಇದಕ್ಕೆ ಹತ್ತಿರದ್ದೇ. ಆದರೂ ಮೊದಲ ಸಲ ನೋಡುವವರಿಗೆ ಯಾರು ಯಾರೆಂಬ ಗೊಂದಲವಾಗುವುದುಂಟು. ಕಥೆಯನ್ನು ತಿಳಿದುಕೊಂಡು ನೋಡುವುದು ಒಳ್ಳೆಯದು.

ಕೊನೆಯ ಹನಿ

ಚಿತ್ರದ ಆರಂಭದ ಭಾಗದಲ್ಲಿ ಹಿರಿಯರ ಬಾಯಿಂದ ಒಂದು ಮಾತು ಬರುತ್ತದೆ. ಜೀವ ಹೋಗುವಾಗ ಬಾಯಿಗೆ ಒಂದು ಹನಿ ನೀರು ಬೇಕು. ಈ ತಿತಾಸ್ ನಾಳೆ ಬತ್ತಿದರೆ ಆ ಹನಿಯೂ ಸಿಕ್ಕದೆ ಹೋಗಬಹುದು ಎಂಬುದು ಅದರ ಭಾವ. ಸಾಯುವವರ ಬಾಯಿಗೆ ನೀರು ಬಿಡುವ ಪದ್ಧತಿ ನಮ್ಮ ಮನೆಗಳಲ್ಲೂ ಇರುವುದರಿಂದ ಈ ಮಾತಿಗೆ ನಮಗೆ ವ್ಯಾಖ್ಯಾನ ಬೇಕಿಲ್ಲ.

ಕೊನೆಯ ದೃಶ್ಯ ಆ ಮಾತಿಗೆ ಉತ್ತರ. ಕೇರಿ ಬರಿದಾಗಿದೆ. ಬಸಂತಿ ಒಬ್ಬಳೇ, ದಣಿದ ದೇಹವನ್ನು ಎಳೆದುಕೊಂಡು, ನದಿಯಿದ್ದ ಮರಳಿನ ಮೇಲೆ ನಡೆಯುತ್ತಾಳೆ. ಕೈಯಿಂದ ಮರಳನ್ನು ತೋಡುತ್ತಾಳೆ. ತಳದಲ್ಲಿ ಒಂದಿಷ್ಟು ನೀರು ಒಸರುತ್ತದೆ. ಆಗ ಅವಳ ಕಣ್ಣಿಗೆ ಹಸಿರು ಪೈರಿನ ನಡುವೆ ಪೀಪಿ ಊದುತ್ತ ಓಡಿಬರುವ ಪುಟ್ಟ ಹುಡುಗನೊಬ್ಬ ಕಾಣುತ್ತಾನೆ. ಅವಳ ಮುಖದಲ್ಲಿ ನಗು ಮೂಡುತ್ತದೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಈ ನಗುವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ನದಿ ಹೋದರೂ ಬದುಕು ಹೋಗುವುದಿಲ್ಲ, ನೀರಿದ್ದಲ್ಲಿ ಪೈರು ಬರುತ್ತದೆ, ಹೊಸ ಮಕ್ಕಳು ಹುಟ್ಟುತ್ತಾರೆ ಎಂಬ ಸಮಾಧಾನ ಅದರಲ್ಲಿದೆ. ಆದರೆ ಆ ಪೈರು ಬೆಳೆದಿರುವುದು ಬೆಸ್ತರಿಂದ ಕಿತ್ತುಕೊಂಡ ನೆಲದಲ್ಲಿ. ಆ ಹುಡುಗ ದೋಣಿಯನ್ನು ಕಾಣದೆಯೇ ಬೆಳೆಯಲಿರುವವನು. ಒಂದು ಸಮುದಾಯದ ಸಾವೂ ಇನ್ನೊಂದು ಬದುಕಿನ ಹುಟ್ಟೂ ಒಂದೇ ಚೌಕಟ್ಟಿನಲ್ಲಿವೆ. ಯಾವುದನ್ನೂ ಅಲ್ಲಗಳೆಯದೆ ಎರಡನ್ನೂ ನೋಡಿ ನಗುವ ಶಕ್ತಿಯನ್ನು ಘಟಕ್ ಬಸಂತಿಗೆ ಕೊಟ್ಟಿದ್ದಾರೆ. ಕರುಣರಸವು ಇಲ್ಲಿ ಕಣ್ಣೀರಿನಲ್ಲಿ ಮುಗಿಯದೆ ಶಾಂತದ ಅಂಚನ್ನು ಮುಟ್ಟುತ್ತದೆ. ನಿಸರ್ಗ ಮತ್ತು ಬೆಸ್ತರ ಸಂಬಂಧವನ್ನು ಕುರಿತು ಚಿತ್ರವು ಹೇಳುವ ಕಠಿಣ ಸತ್ಯವೂ ಇದೇ. ನಿಸರ್ಗವು ನಮ್ಮನ್ನು ಸಾಕುತ್ತದೆ, ಆದರೆ ನಾವೇ ಇರಬೇಕೆಂದು ಅದು ಮಾತು ಕೊಟ್ಟಿಲ್ಲ. ಯಾರು ಇದ್ದರೆಂಬುದನ್ನು ನೆನಪಿಡುವ ಹೊಣೆ ಮನುಷ್ಯರದು.

ಆ ಹೊಣೆಯನ್ನು ಅದ್ವೈತರು ಕಾದಂಬರಿಯಿಂದ, ಘಟಕ್ ಚಿತ್ರದಿಂದ ನಿರ್ವಹಿಸಿದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗೆರೆಯ ಈಚೆಗೆ ಉಳಿದ ಕಾಸರಗೋಡಿನ ಕನ್ನಡಿಗರಾದ ನಮಗೆ ಅದರ ಅರ್ಥ ಬೇಗ ತಿಳಿಯುತ್ತದೆ. ಮಂಜೇಶ್ವರದಿಂದ ಚಂದ್ರಗಿರಿಯ ಅಳಿವೆಯವರೆಗೆ ಮೀನುಗಾರಿಕೆಯ ಕೇರಿಗಳಿವೆ. ಗಾಳಿಯ ದಿಕ್ಕಿಗೆ, ನೀರಿನ ಬಣ್ಣಕ್ಕೆ, ಬಲೆಯ ಕಣ್ಣಿನ ಅಳತೆಗೆ, ಅಲೆಯ ಬಗೆಗೆ ಅಲ್ಲಿನ ಹಿರಿಯರು ಬಳಸುವ ಮಾತುಗಳಲ್ಲಿ ತುಳು, ಕನ್ನಡ, ಮಲಯಾಳಗಳು ಬೆರೆತಿವೆ. ನಿಘಂಟಿನಲ್ಲಿ ಸಿಕ್ಕದ ಮಾತುಗಳು ಅವುಗಳಲ್ಲಿ ಎಷ್ಟೋ ಇರುತ್ತವೆ. ಅದ್ವೈತರ ಕೇರಿಯವರು ಹಣ ಕೂಡಿಸಿ ಒಬ್ಬ ಹುಡುಗನನ್ನು ಓದಿಸಿದರು. ಅವನು ಅವರ ನದಿಯ ಹೆಸರನ್ನು ಉಳಿಸಿದ. ನಮ್ಮ ತರಗತಿಯಲ್ಲೂ ಅಂಥ ಕೇರಿಗಳಿಂದ ಬಂದ ವಿದ್ಯಾರ್ಥಿಗಳಿದ್ದಾರೆ. ಚಿತ್ರವನ್ನು ನೋಡಿದ ಮೇಲೆ ಅವರು ಮನೆಗೆ ಹೋಗಿ ಅಜ್ಜನ ಬಳಿ ಕುಳಿತು, ಕಡಲಿಗೆ ಸಂಬಂಧಿಸಿದ ಹತ್ತು ಮಾತುಗಳನ್ನು ಬರೆದು ತಂದರೂ ಸಾಕು. ಈ ಲೇಖನದ ಉದ್ದೇಶ ಈಡೇರಿದಂತೆ.